ಕಿಟಕಿಗೆ ಕಟ್ಟಿದ ಬಾಣಲೆ

ಹೊನ್ನಾವರದ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ನಾಗವೇಣಿ ಕಾಲು ಮೇಲೆತ್ತಿಕೊಂಡಳು. ಪಕ್ಕ ಕೂತ ಅಪರಿಚಿತನ ತಲೆಯಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹೊಡೆದವನು ಅವನ ಅಣ್ಣನೇ. ಅವನೂ ಅದೇ ಬೆಂಚಿನ ತುದಿಯಲ್ಲಿದ್ದ.

"ಬಾಣಲೆ ಎಂತಕ್ಕೆ ಕಟ್ಟಿದ್ದಿ? ಅದೂ ನಮ್ಮನೆ ಬಾಗಿಲಿಗೇ ಮುಖ ಮಾಡಿ!" ಎಂದ ಅಣ್ಣ.

"ಕಂಪ್ಯೂಟರಿಗೆ ಇಂಟರ್‌ನೆಟ್ ಬರೂಕೆ," ತಮ್ಮ ಹಲ್ಲು ಕಚ್ಚಿದ. "ನಿಮ್ಮನೆ ಹಿಂದಿನ ಮನೆ ಮಾಸ್ತರ್ರು ಅವರ ವೈರ್‌ಲೆಸ್ ಬಳಸು ಅಂದಿದ್ರು. ಯುಎಸ್‌ಬಿ ಅಡಾಪ್ಟರ್ ಬಾಣಲೆ ನಡುವೆ ಇಟ್ರೆ ಸಿಗ್ನಲ್ ಜೋರು ಸಿಕ್ತದೆ."

"ನಡುವೆ ಅದೆಂತದೋ ಕರೀದು, ಸುತ್ತ ಕೆಂಪು ದಾರ. ಅದೇ ವಾರ ನನ್ನ ಎಮ್ಮೆ ಸತ್ತೋತು. ಮಾಟ ಅಂದ್ಕಂಡೆ."

"ಕೇಳೂಕಾಗ್ಲಿಲ್ವಾ?"

"ಮಾಟ ಮಾಡ್ದವ ಹೌದು ಅಂತಾನಾ?"

"ಕಂಪ್ಯೂಟರ್ ಹಾರೆಲಿ ಒಡೆದಿ, ಆತು. ಬಿಡಿಸೂಕೆ ಬಂದ ನನ್ನ ಹೆಂಡ್ತಿ ಕೈ ಎಂತಕ್ಕೆ ಮುರಿದಿ?"

ಅಷ್ಟರಲ್ಲಿ ನರ್ಸ್ ಬಂದು ಏಟು ಹೇಗಾಯಿತೆಂದು ಕೇಳಿದಳು.

"ತೆಂಗಿನಮರದಿಂದ ಬಿದ್ದೆ," ಎಂದ ತಮ್ಮ. ನರ್ಸ್ ಒಳಗೆ ಬರಲು ಹೇಳಿ ಮುಂದೆ ನಡೆದಳು.

ಅಣ್ಣನಿಗೆ ಹೋದ ಉಸಿರು ಬಂತು. "ದೊಡ್ಡ ಮನಸ್ಸು ಮಾಡ್ದಿ ತಮ್ಮ. ನಿಜ ಹೇಳಿದ್ರೆ ಪೊಲೀಸರು ನನ್ನ ಒಯ್ತಿದ್ರು."

"ಅದಕ್ಕೇ ಹೇಳ್ಲಿಲ್ಲ." ತಮ್ಮ ನರ್ಸ್ ಹಿಂದೆ ಹೊರಟ. "ನೀ ನಂಗೆ ಮನೇಲೇ ಸಿಗ್ಬೇಕು."