ಒಂದು ಬೆರಳು ಸಡಿಲ

ಕಣ್ಣಿಗೆ ಔಷಧಿ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಮುಚ್ಚಿ ಕೂತಿದ್ದ ಮೇಷ್ಟರಿಗೆ ಕಿವಿ ಮಾತ್ರ ಚುರುಕಾಗಿತ್ತು. ಪಕ್ಕದಲ್ಲೇ ಒಬ್ಬ ಅಕ್ಕ ತನ್ನ ತಮ್ಮನ ನೀರಿಳಿಸುತ್ತಿದ್ದಳು. ಅವರ ಟೈಲರ್ ಅಂಗಡಿಯ ಕನ್ನಡಿ ಒಡೆದು ಅವಳ ಗಂಡನ ತೋಳು ಸೀಳಿತ್ತಂತೆ. ಒಳಗೆ ಡಾಕ್ಟರು ಅವನನ್ನು ನೋಡುತ್ತಿದ್ದರು.

"ರಕ್ತ ಚಿಮ್ತಾ ಇದೆ, ನೀನು ಗಾಯದ ಮೇಲ್ಗಡೆ ಬಟ್ಟೆ ಕಟ್ಟಿ, ಕಟ್ಟಿನೊಳಗೆ ಬೆರಳು ತೂರುತ್ತಾ ಅಂತ ನೋಡ್ತೀಯಲ್ಲೋ! ಭಾವಂಗೆ ಕಾಲರ್ ಹೊಲೀತಿದ್ಯಾ?"

"ಅಭ್ಯಾಸ ಅಕ್ಕಾ. ಒಂದು ಬೆರಳು ಸಡಿಲ ಬಿಡದೆ ನಾನು ಯಾವತ್ತು ಅಳತೆ ಟೇಪ್ ಸುತ್ತಿದೀನಿ?"

"ಹೌದಪ್ಪಾ, ಗಿರಾಕಿಗೆ ಬಿಗಿ ಆಗಬಾರದು ನೋಡು! ನಾನು ಆ ಕಟ್ಟಿಗೆ ಅಡಿಕೋಲು ಸಿಕ್ಕಿಸಿ, ರಕ್ತ ನಿಲ್ಲೋವರೆಗೂ ತಿರುಚದೇ ಇದ್ದಿದ್ರೆ?"

"ಭಾವ ಹಾಗೆ ಕಿರುಚ್ತಿದ್ರಲ್ಲ, ಕರುಳು ಚುರುಕ್ ಅಂತು."

"ಅದಕ್ಕೇ ನೀನು ಆಟೋದಲ್ಲಿ ಕಟ್ಟು ಬಿಚ್ಚೋಕೆ ಕೈ ಹಾಕಿದೆ, ದಯಾಸಾಗರ! ಬಿಗಿದ್ರೆ ನೋವಾಗೇ ಆಗುತ್ತೆ ಕಣೋ. ಡಾಕ್ಟರ್ ಬಿಚ್ಚೋವರೆಗೂ ಮುಟ್ಟಬಾರದು."

"ನನ್ನ ಕೈಗೆ ಬಾರಿಸಿದೆಯಲ್ಲ, ಇನ್ನೂ ಉರೀತಿದೆ."

"ಅಯ್ಯೋ ಕಂದಾ, ನಿಂಗೂ ಒಂದು ಬೆಡ್ ಕೇಳ್ಲಾ?"

ಬಾಗಿಲು ತೆರೆದ ಸದ್ದಾಯಿತು.

"ಜೀವಕ್ಕೇನೂ ಭಯ ಇಲ್ಲ, ಕೈನೂ ಉಳೀತು. ಬನ್ನಿ, ನಿಮ್ಮನ್ನ ಕೇಳ್ತಿದ್ದಾರೆ," ಅಂದಳು ನರ್ಸು.

ಮೇಷ್ಟರು ಕಣ್ಣು ಬಿಟ್ಟರೆ ಎಲ್ಲ ಮಸುಕು ಮಸುಕು. ಎದ್ದು ನಿಂತ ಅಕ್ಕ ಆಸರೆಗೆ ಗೋಡೆಯತ್ತ ಕೈ ಚಾಚುತ್ತಿದ್ದಳು. ತಮ್ಮ ಅವಳ ತೋಳು ಹಿಡಿದಿದ್ದ.

"ಗಟ್ಟಿಯಾಗಿ ಹಿಡ್ಕೊಳ್ಳೋ," ಅಂದಳು. "ಇಲ್ಲೂ ಒಂದು ಬೆರಳು ಸಡಿಲ ಬಿಡಬೇಡ."

ಇಬ್ಬರೂ ಹಾಗೆಯೇ ಒಳಗೆ ಹೋದರು.