ಊಟದ ಹೊತ್ತಿನಲ್ಲಿ ಅಳಿಸಿಹೋದ ಆರ್ಡರ್‌ಗಳ ಬಗ್ಗೆ

ಗೋದಾಮಿನಲ್ಲಿ ಎಲ್ಲರೂ ಸರ್ವರಮ್ಮ ಎಂದು ಕರೆಯುವ ನಾನು, ವಯಸ್ಸು 36 ವರ್ಷ, ಉದ್ಯೋಗ ಔಷಧಿ ಗೋದಾಮಿನಲ್ಲಿ ಕಂಪ್ಯೂಟರ್ ನಿರ್ವಹಣೆ, ವಾಸ ಗೋದಾಮಿನ ಹಿಂದಿನ ರಸ್ತೆಯ ಎರಡನೇ ಮಹಡಿ, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಅಂಗಡಿಗಳು ಕಳಿಸುವ ಆರ್ಡರ್‌ಗಳು ನಮ್ಮಲ್ಲಿ ಮೆಸೇಜ್ ಬ್ರೋಕರ್ ಎಂಬ ತಂತ್ರಾಂಶದೊಳಗೆ ಸರದಿಯಲ್ಲಿ ನಿಂತು, ಒಂದೊಂದಾಗಿ ಪ್ಯಾಕಿಂಗ್ ವಿಭಾಗದ ಪರದೆಗೆ ಹೋಗುತ್ತವೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಪ್ಯಾಕಿಂಗ್ ಇಲ್ಲದ ಕಾರಣ ಸರದಿ ಬೆಳೆಯುತ್ತದೆ. ಈ ತಿಂಗಳ 3ರಿಂದ ಆ ಹೊತ್ತಿನ ಆರ್ಡರ್‌ಗಳು ಮಾಯವಾಗತೊಡಗಿದವು. ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ ನನ್ನ ನಾದಿನಿ. ಕೆಲಸ ತಪ್ಪಿಸಿಕೊಳ್ಳಲು ಆಕೆಯೇ ಅಳಿಸುತ್ತಿದ್ದಾಳೆಂದು ಮ್ಯಾನೇಜರರು 10ರಂದು ಇದೇ ಠಾಣೆಯಲ್ಲಿ ದೂರು ಕೊಟ್ಟು, ತನಿಖೆ ಮುಗಿಯುವವರೆಗೆ ಬರಬೇಡವೆಂದು ಆಕೆಯನ್ನು ಮನೆಗೆ ಕಳಿಸಿದರು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋದವಳಲ್ಲ. ಅಂದು ಸಂಜೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅತ್ತಿಗೆ, ನೀವೂ ನಂಬ್ತೀರಾ?” ಎಂದು ಕೇಳಿದಳು. ಇಲ್ಲ ಎಂದೆ. ಹೇಳುವ ಮುಂಚೆ ಒಂದು ಕ್ಷಣ ತಡೆದೆ, ಅದನ್ನು ಆಕೆ ಗಮನಿಸಿದಳು.

ಬ್ರೋಕರಿನೊಳಗೆ ಒಂದು ಸಣ್ಣ ವೆಬ್ ಸರ್ವರ್ ಇದೆ. ಬ್ರೌಸರಿನಿಂದ ಅದಕ್ಕೆ ಹೇಳಿ ಸರದಿಯನ್ನು ಖಾಲಿ ಮಾಡಿಸಬಹುದು. ಯಾರು ಯಾವಾಗ ಏನು ಕೇಳಿದರೆಂದು ಅದು ಬರೆದಿಡುತ್ತಿರಲಿಲ್ಲ, ಏಕೆಂದರೆ ಬರೆದಿಡು ಎಂದು ನಾನು ಹೇಳಿರಲಿಲ್ಲ. 12ರಂದು ಬೆಳಿಗ್ಗೆ 10.15ಕ್ಕೆ ಸೆಟ್ಟಿಂಗ್ಸ್ ಫೈಲಿನಲ್ಲಿ ಕೋರಿಕೆಗಳನ್ನು ಬರೆದಿಡುವ ರಿಕ್ವೆಸ್ಟ್ ಲಾಗ್‌ನ ಸಾಲು ಸೇರಿಸಿ, ಬ್ರೋಕರನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ನಾದಿನಿಯ ಮೇಲೆ ದೂರು ಕೊಟ್ಟ ಮ್ಯಾನೇಜರರೇ ಎಲ್ಲೋ ತಪ್ಪು ಒತ್ತಿ ಸಿಕ್ಕಿಬೀಳುತ್ತಾರೆಂದು ನನಗೆ ಒಳಗೊಳಗೇ ಖುಷಿ. 1.39ಕ್ಕೆ ಊಟ ಮುಗಿಸಿ, ನಲವತ್ತು ಹೆಜ್ಜೆ ನಡೆದು ಮೇಜಿಗೆ ಬಂದು ಬ್ರೌಸರ್ ತೆರೆದೆ. ಸರದಿಯಲ್ಲಿದ್ದ 27 ಆರ್ಡರ್‌ಗಳು ಹೋಗಿದ್ದವು. ಲಾಗ್‌ನಲ್ಲಿ 1.40.07ಕ್ಕೆ ಸರದಿ ಖಾಲಿ ಮಾಡುವ ಕೋರಿಕೆ ದಾಖಲಾಗಿತ್ತು. ಬಂದದ್ದು ನನ್ನದೇ ಕಂಪ್ಯೂಟರಿನಿಂದ, ನನ್ನದೇ ಹೆಸರಿನಲ್ಲಿ. ಬ್ರೌಸರಿನಲ್ಲಿ ತೆರೆದಿದ್ದ ಪುಟಗಳನ್ನು ಒಂದೊಂದಾಗಿ ನೋಡಿದೆ.

ಪರೀಕ್ಷೆಗೆಂದು ಕಳಿಸಿದ್ದ ಆರ್ಡರ್‌ಗಳನ್ನು ಅಳಿಸಲು 2ರಂದು ನಾನೇ ಆ ಕೋರಿಕೆಯ ವಿಳಾಸವನ್ನು ಬ್ರೌಸರಿನಲ್ಲಿ ತೆರೆದು, ಪುಟವನ್ನು ಹಾಗೇ ಬಿಟ್ಟಿದ್ದೆ. ಊಟಕ್ಕೆ ಏಳುವಾಗ ಬ್ರೌಸರ್ ಮುಚ್ಚುವುದು ನನ್ನ ಅಭ್ಯಾಸ. ಬಂದು ತೆರೆದಾಗ ಹಳೆಯ ಪುಟಗಳೆಲ್ಲ ತಾವಾಗಿ ತೆರೆದುಕೊಳ್ಳುತ್ತವೆ. ಆ ಪುಟವೂ ತೆರೆದು, ಕೋರಿಕೆ ಮತ್ತೆ ಹೋಗುತ್ತಿತ್ತು. ಬೆಳಿಗ್ಗೆ ತೆರೆದಾಗಲೂ ಹೋಗುತ್ತಿತ್ತು, ಆದರೆ ಆಗ ಸರದಿಯಲ್ಲಿ ಏನೂ ಇರದ ಕಾರಣ ಯಾರಿಗೂ ಗೊತ್ತಾಗಲಿಲ್ಲ.

ಆ ಲಾಗನ್ನು ಅಳಿಸಿದ್ದರೆ ಇದೂ ಗೊತ್ತಾಗುತ್ತಿರಲಿಲ್ಲ. ಮುದ್ರಿಸಿ 2.05ಕ್ಕೆ ಮ್ಯಾನೇಜರರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ದೂರನ್ನು ಹಿಂಪಡೆಯುವುದಾಗಿ ತಿಳಿಸಿದರು. ಠಾಣೆಗೆ ನಾನೇ ಹೋಗಿ ಹೇಳುತ್ತೇನೆ ಎಂದೆ. ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಈ ಸಲ ಆಕೆ ಒಂದು ಕ್ಷಣ ತಡೆದಳು. ಆಮೇಲೆ, “ಹತ್ತು ದಿನ ಕಳ್ಳನ್ನ ಹುಡುಕಿ ಹುಡುಕಿ ಕೊನೆಗೆ ನೀವೇ ಸಿಕ್ಕಿದ್ರಲ್ಲಾ ಅತ್ತಿಗೆ!” ಎಂದು ಜೋರಾಗಿ ನಕ್ಕಳು. ನನಗೆ ನಾಚಿಕೆಯಾಗಿದೆ, ಆದರೆ ನೆಮ್ಮದಿ ಅದಕ್ಕಿಂತ ಹೆಚ್ಚು.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ತಪ್ಪು ನನ್ನದು ಎಂಬುದೂ ಸೇರಿ ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12, ಸಂಜೆ 4.30
ಸಹಿ: ಸರ್ವರಮ್ಮ

ಸಹಿಗೆ ಸಾಕ್ಷಿ: ಹೇಳಿಕೆ ಕೊಟ್ಟವರ ನಾದಿನಿ. ಉದ್ಯೋಗ: ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ, ನಾಳೆ ಬೆಳಿಗ್ಗೆ 9ರಿಂದ ಮತ್ತೆ.