ಕಡಿಯದ ಕೈಗೆ ಯಾವ ಧರ್ಮ?

ಪ್ಲೇಗು ಹೋದ ಮರುವರ್ಷ ಮಗಳ ಬಾಣಂತನ ಮುಗಿಸಿ ಇಳಕಲ್ಲಿಗೆ ಹೊರಟಿದ್ದ ಮೌಲಾಬಿ, ಕೃಷ್ಣೆಯ ದಂಡೆಯಲ್ಲಿ ಹರಗೋಲಿಗೆ ಕಾಯುತ್ತಿದ್ದಳು. ಪಕ್ಕದಲ್ಲೇ ಅಕ್ಕ ತಮ್ಮ ಇಬ್ಬರು ವಾದಕ್ಕೆ ಬಿದ್ದಿದ್ದರು. ಬೇಡವೆಂದರೂ ಮಾತು ಅವಳ ಕಿವಿಗೆ ಬೀಳುತ್ತಿತ್ತು.

“ಸಂಗಮದ ಮಠದಾಗ ಲಿಂಗ ಕಟ್ಟಿಸ್ಕೊ, ಯಮನಪ್ಪ. ಸ್ವಾಮಿಗೋಳು ಒಪ್ಯಾರ. ಆಮ್ಯಾಲ ಊರವ್ವನ ಮುಂದ ಕ್ವಾಣ ಕಡಿ ಅಂತ ಯಾರೂ ನಿನಗ ಹೇಳೂದಿಲ್ಲ.”

“ನಾ ಒಲ್ಲೆ ಅಂದ್ರ ಸಾಲದೇನಕ್ಕಾ?”

“ಅಜ್ಜನ ಕಾಲದಿಂದ ಕಡದ ಮನಿತನ ನಮ್ಮದು. ಯಾವ ಧರ್ಮದಾಗ ಬ್ಯಾಡ ಅಂದೈತಿ ಅಂತ ಪಂಚರು ಕೇಳಿದ್ರ ಏನಂತಿ?”

“ಹೋದ ವರ್ಷ ಕಡದ ಮ್ಯಾಲ ಮೂರ ದಿನ ರೊಟ್ಟಿ ಇಳೀಲಿಲ್ಲ. ಜೀವ ತಗಿಯೂದು ತಪ್ಪು ಅಂತ ಅವಾಗ ಗೊತ್ತಾತು. ಅದನ್ನ ಹೇಳ್ತೇನಿ.”

“ಅದು ಧರ್ಮ ಆಗ್ತದೇನೋ ಹುಚ್ಚಾ? ಅದು ನಿನ್ನ ಮನಸು.”

“ಮನಸಿಗೆ ಖರೆ ಅನಿಸಿದ್ದಕ್ಕ ಮತ್ತೇನಂತಾರ?”

“ಒಲ್ಲೆ ಅಂದಿದ್ದಕ್ಕ ಪಂಚರು ಹೊಲ ಕಸಗೊಂಡ್ರ ಏನ್ ತಿಂತಿ? ಸುಮ್ನ ಕಟ್ಟಿಸ್ಕೊ. ಪೂಜಿ ಮಾಡದಿದ್ರ ಯಾರು ನೋಡ್ತಾರ?”

“ನಂಬಿದವರು ಜೀವದಂಗ ಕಾಯೂ ಲಿಂಗ ಅದು. ಹೊಲದ ಸಲುವಾಗಿ ಕಟ್ಕೊಂಡ್ರ ಅದೂ ತಪ್ಪ, ಅಕ್ಕಾ.”

ಹರಗೋಲು ದಂಡೆಗೆ ಬಂತು. ಅಕ್ಕ ಒಂದು ಕಾಲು ಒಳಗಿಟ್ಟು ಹಿಂದೆ ತಿರುಗಿದಳು. ತಮ್ಮ ಆಗಲೇ ಊರಿನ ದಾರಿ ಹಿಡಿದಿದ್ದ.

“ನಿಲ್ಲೋ! ಪಂಚರ ಮುಂದ ಒಬ್ಬನ ಹ್ಯಾಂಗ ನಿಲ್ತಿ?” ಎಂದು ಕೂಗಿ, ಇಟ್ಟ ಕಾಲು ತೆಗೆದು ಅವನ ಹಿಂದೆ ಓಡಿದಳು.

ಅವರಿಗಾಗಿ ಕಾಯಲೇ ಎಂದು ಅಂಬಿಗ ಮೌಲಾಬಿಯನ್ನು ಕೇಳಿದ.

“ಬ್ಯಾಡಪ್ಪಾ, ನಡಿ. ಅವರು ಬರೂದಿಲ್ಲ.”